ಘಟ್ಟದ ಹಾದಿಗೆ ಜಲವರ್ಣ: ಕಾಗದ, ಬಣ್ಣ, ಕುಂಚಗಳ ಆಯ್ಕೆ

ಉತ್ತರ ಕನ್ನಡದ ಘಟ್ಟಗಳಲ್ಲಿ ಎರಡು ಮೂರು ದಿನ ನಡೆಯಲು ಹೊರಡುವವರು ಚೀಲದಲ್ಲಿ ಒಂದು ಸಣ್ಣ ಬಣ್ಣದ ಪೆಟ್ಟಿಗೆಯನ್ನೂ ಇಟ್ಟುಕೊಂಡು, ಕಂಡದ್ದನ್ನು ಅಂಗೈಯಗಲದ ಜಲವರ್ಣ ಚಿತ್ರಗಳಾಗಿ ಬರೆದುಕೊಳ್ಳಬೇಕೆಂದು ಬಯಸಿದಾಗ ಎದುರಾಗುವ ಮೊದಲ ತೊಡಕು ಆಯ್ಕೆಯದು. ಬಿಲ್ಲೆಯ ಬಣ್ಣವೋ ಟ್ಯೂಬಿನದೋ, ಹತ್ತಿಯ ಕಾಗದವೋ ಮರದ ತಿರುಳಿನದೋ, ಮಾಮೂಲಿ ಕುಂಚವೋ ನೀರು ತುಂಬಿಕೊಳ್ಳುವ ವಾಟರ್ ಬ್ರಷ್ಷೋ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರಗಳಲ್ಲಿ ಬಹುಪಾಲು ತಂಪಾದ, ಒಣ ಹವೆಯ ನಾಡುಗಳ ಚಾರಣದ ಅನುಭವದಿಂದ ಬಂದವು. ಅಲ್ಲಿ ಬೆನ್ನಿನ ಮೇಲಿನ ತೂಕವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ತೂಕಕ್ಕಿಂತ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ತೇವ. ಕಡಲಂಚಿನ ಕಾರವಾರ, ಕುಮಟೆಗಳಿಂದ ಹಿಡಿದು ಸುಮಾರು 590 ಮೀಟರ್ ಎತ್ತರದ ಶಿರಸಿಯವರೆಗೆ, ಗಾಳಿಯಲ್ಲಿರುವ ನೀರಿನ ಅಂಶವೇ ಯಾವ ಕಾಗದ ಉಳಿಯುತ್ತದೆ, ಯಾವ ಬಣ್ಣ ಗಟ್ಟಿಯಾಗಿರುತ್ತದೆ, ಒಂದು ಚಿತ್ರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಆದ್ದರಿಂದ ಕೆಳಗಿನ ಹೋಲಿಕೆಗಳನ್ನೆಲ್ಲ ಆ ಒಂದು ಅಳತೆಗೋಲಿಗೇ ಕಟ್ಟಿದ್ದೇನೆ.

ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇವಿಮನೆ ಘಟ್ಟದಂಥ ಜಾಗದಲ್ಲಿ ಹಚ್ಚಿದ ಒಂದು ವಾಶ್ (ನೀರಾಗಿಸಿದ ಬಣ್ಣದ ತೆಳು ಪದರ) ಗಂಟೆ ಕಳೆದರೂ ಒಣಗದೆ ಹಾಗೆಯೇ ಇರಬಹುದು. ಡಿಸೆಂಬರ್ ಮಧ್ಯಾಹ್ನ ಜೇನುಕಲ್ಲು ಗುಡ್ಡದ ಬಯಲಿನಲ್ಲಿ ಅದೇ ವಾಶ್ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ. ಮಾರ್ಚ್ ನಂತರ ಕರಾವಳಿಯಲ್ಲಿ ಬಿಸಿಲಿಗೆ ಕಾಗದದ ಮೇಲಿನ ನೀರು ಬೇಗ ಆರುತ್ತದೆ, ಆದರೆ ದೂರದ ಬೆಟ್ಟಗಳು ಮಬ್ಬಿನಲ್ಲಿ ಅಡಗಿ ಚಿತ್ರಕ್ಕೆ ಆಳವೇ ಸಿಗದಂತಾಗುತ್ತದೆ. ಜಲಪಾತಗಳಲ್ಲಿ ನೀರೂ, ಗದ್ದೆಗಳಲ್ಲಿ ಹಸಿರೂ, ಆಕಾಶದಲ್ಲಿ ತಿಳಿಬೆಳಕೂ ಒಟ್ಟಿಗೆ ದೊರೆಯುವ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ಅವಧಿಯೇ ಬಣ್ಣ ಹಿಡಿದು ನಡೆಯುವವರಿಗೆ ಸರ್ವೋತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಳೆಗಾಲದಲ್ಲಿಯೇ ಹೋಗಬೇಕೆನ್ನುವವರಿಗೆ ಬೇರೆಯ ಸಾಮಗ್ರಿ, ಬೇರೆಯ ಪದ್ಧತಿ ಬೇಕಾಗುತ್ತದೆ. ಅದನ್ನು ಆಯಾ ಜಾಗದಲ್ಲಿ ಹೇಳಿದ್ದೇನೆ.

ಕಾಗದ

ಇರುವ ಹಣವನ್ನು ಯಾವುದಕ್ಕೆ ಹಾಕಬೇಕೆಂದು ಕೇಳಿದರೆ ನನ್ನ ಉತ್ತರ ಕಾಗದಕ್ಕೆ ಎಂಬುದೇ. ಸಾಧಾರಣ ಬಣ್ಣವನ್ನು ಒಳ್ಳೆಯ ಕಾಗದ ಎತ್ತಿ ಹಿಡಿಯುತ್ತದೆ, ಆದರೆ ಎಷ್ಟೇ ದುಬಾರಿ ಬಣ್ಣವಾದರೂ ಕಳಪೆ ಕಾಗದದ ಮೇಲೆ ಕೊಳೆಯಾಗಿ ನಿಲ್ಲುತ್ತದೆ. ಪೇಟೆಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ: ಮರದ ತಿರುಳಿನ ಸೆಲ್ಯುಲೋಸ್ ಕಾಗದ ಮತ್ತು ನೂರಕ್ಕೆ ನೂರು ಹತ್ತಿಯ ನಾರಿನ ಕಾಗದ. ಇವೆರಡರ ನಡುವೆ, ಸ್ವಲ್ಪ ಭಾಗ ಮಾತ್ರ ಹತ್ತಿ ಬೆರೆಸಿದ ಕಾಗದಗಳೂ ಇವೆ. ಹತ್ತಿಯ ಕಾಗದ ನೀರನ್ನು ಒಳಕ್ಕೆ ಎಳೆದುಕೊಂಡು ಎಲ್ಲ ಕಡೆ ಸಮವಾಗಿ ಬಿಟ್ಟುಕೊಡುವುದರಿಂದ ದೊಡ್ಡ ಆಕಾಶವೊಂದನ್ನು ಒಂದೇ ಬೀಸಿನಲ್ಲಿ ಹಚ್ಚಿದಾಗ ಕಲೆ ನಿಲ್ಲುವುದಿಲ್ಲ. ಅಲ್ಲದೆ ಮೊದಲ ಪದರ ಒಣಗಿದ ಮೇಲೆ ಎರಡನೆಯದನ್ನು ಹಚ್ಚಿದರೆ ಕೆಳಗಿನದು ಕದಡುವುದಿಲ್ಲ. ತಿರುಳಿನ ಕಾಗದದಲ್ಲಿ ಬಣ್ಣ ಮೇಲ್ಮೈಯಲ್ಲಿಯೇ ನಿಲ್ಲುತ್ತದೆ. ಹೀಗಾಗಿ ಬಣ್ಣ ಹೊಳೆಯುವಂತೆ ಕಾಣುತ್ತದೆ, ತಪ್ಪಿದ ಕಡೆ ಒದ್ದೆ ಕುಂಚದಿಂದ ಸುಲಭವಾಗಿ ಎತ್ತಬಹುದು, ಆದರೆ ಎರಡನೆಯ ಪದರ ಹಚ್ಚುವಾಗ ಮೊದಲನೆಯದು ಎದ್ದು ಬಂದು ರಾಡಿಯಾಗುತ್ತದೆ. ಘಟ್ಟದ ಕಾಡನ್ನು ಬರೆಯುವುದೆಂದರೆ ಹಸಿರಿನ ಮೇಲೆ ಹಸಿರನ್ನು ಪದರ ಪದರವಾಗಿ ಇಡುವ ಕೆಲಸ. ಈ ಕಾರಣಕ್ಕಾಗಿ ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ನಡಿಗೆಗೆ ನಾನು ಹತ್ತಿಯ ಕಾಗದವನ್ನಷ್ಟೇ ಸೂಚಿಸುತ್ತೇನೆ. ಮಳೆಗಾಲಕ್ಕೆ ಲೆಕ್ಕ ತಿರುಗುತ್ತದೆ. ಆಗ ಹತ್ತಿ ಹೀರಿಕೊಂಡ ನೀರು ಹೊರಗೆ ಹೋಗುವುದೇ ಇಲ್ಲವಾದ್ದರಿಂದ, ಗೆರೆಯಲ್ಲಿ ಚಿತ್ರ ಮುಗಿಸಿ ಅಲ್ಲಲ್ಲಿ ಬಣ್ಣ ತಾಕಿಸುವಷ್ಟಕ್ಕೆ ನಯವಾದ ತಿರುಳಿನ ಕಾಗದವೇ ಹೆಚ್ಚು ಅನುಕೂಲ.

ದಪ್ಪದ ವಿಚಾರದಲ್ಲಿ ರಾಜಿ ಬೇಡ. ಇದನ್ನು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂದು ಹೇಳುತ್ತಾರೆ. 300 ಜಿಎಸ್‌ಎಂಗಿಂತ ಕಡಿಮೆಯ ಕಾಗದ ಒಂದೆರಡು ವಾಶ್‌ಗೇ ಅಲೆಯಲೆಯಾಗಿ ಏಳುತ್ತದೆ. ಮೇಲ್ಮೈಯಲ್ಲಿ ನಯವಾದ ಹಾಟ್ ಪ್ರೆಸ್, ನಡುತರದ ಕೋಲ್ಡ್ ಪ್ರೆಸ್, ಒರಟಾದ ರಫ್ ಎಂಬ ಮೂರು ಬಗೆಗಳಿವೆ. ಸಣ್ಣ ಚಿತ್ರಕ್ಕೆ ಒರಟು ಕಾಗದ ತಕ್ಕುದಲ್ಲ, ಏಕೆಂದರೆ ಅದರ ಉಬ್ಬುತಗ್ಗು ಚಿತ್ರದಲ್ಲಿನ ಮರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನು ಕಾಗದದ ರೂಪ. ನಾಲ್ಕೂ ಅಂಚಿಗೆ ಅಂಟು ಹಾಕಿದ ಬ್ಲಾಕ್, ಹೊಲಿದ ಸ್ಕೆಚ್‌ಬುಕ್, ಬಿಡಿ ಹಾಳೆ ಎಂದು ಮೂರು ದಾರಿಗಳಿವೆ. ಬ್ಲಾಕಿನಲ್ಲಿ ಕಾಗದ ಬಿಗಿಯಾಗಿರುತ್ತದೆ, ಗಾಳಿಗೆ ಹಾರುವುದಿಲ್ಲ. ಆದರೆ ಮೇಲಿನ ಹಾಳೆ ಪೂರ್ತಿ ಒಣಗಿ ಅದನ್ನು ಬಿಡಿಸುವವರೆಗೆ ಮುಂದಿನದು ಸಿಗುವುದಿಲ್ಲ. ಒಣ ದಿನಗಳಲ್ಲಿ, ಗಾಳಿ ಬೀಸುವ ಕಡಲ ದಂಡೆಯಲ್ಲಿ ಇದೇ ಮೇಲು. ಸ್ಕೆಚ್‌ಬುಕ್ಕಿನಲ್ಲಿ ಇಡೀ ಪ್ರವಾಸ ಒಂದೇ ಕಟ್ಟಿನಲ್ಲಿ ಉಳಿಯುತ್ತದೆ, ಪಕ್ಕದ ಪುಟದಲ್ಲಿ ಊರು, ಹೊತ್ತು, ಹವೆ ಎಲ್ಲವನ್ನೂ ಬರೆದಿಡಬಹುದು. ಆದರೆ ತೇವದಲ್ಲಿ ಮುಚ್ಚಿದ ಪುಟಗಳು ಒಂದಕ್ಕೊಂದು ಅಂಟಿ ಎರಡೂ ಚಿತ್ರಗಳು ಕೆಡುವ ಭಯ ನಮ್ಮ ಕಡೆ ಸದಾ ಇರುತ್ತದೆ. ಬಿಡಿ ಹಾಳೆಗಳಿಗೆ ಒಂದು ತೆಳು ಹಲಗೆ, ನಾಲ್ಕು ಕ್ಲಿಪ್ಪು ಬೇಕು, ಒದ್ದೆ ಚಿತ್ರವನ್ನು ಬೇರೆಯಾಗಿ ಹಿಡಿದುಕೊಳ್ಳಲು ಉಪಾಯವೂ ಬೇಕು. ಇಷ್ಟಾದರೂ ಘಟ್ಟದ ಹಾದಿಗೆ ನಾನು ಬಿಡಿ ಹಾಳೆಗಳ ಪರ. ಒಂದು ಒಣಗುತ್ತಿರುವಾಗ ಇನ್ನೊಂದನ್ನು ಶುರುಮಾಡಬಹುದು, ಕೆಟ್ಟದ್ದನ್ನು ಬದಿಗಿಡಬಹುದು, ಮನೆಯಲ್ಲಿ ಬೇಕಾದಷ್ಟೇ ಎಣಿಸಿ ತರಬಹುದು. 56×76 ಸೆಂಟಿಮೀಟರಿನ ಒಂದು ಪೂರ್ಣ ಹಾಳೆಯನ್ನು ಕೊಂಡು ಹದಿನಾರು ಭಾಗ ಮಾಡಿದರೆ 14×19 ಸೆಂಟಿಮೀಟರಿನ ತುಂಡುಗಳೂ, ಮೂವತ್ತೆರಡು ಭಾಗ ಮಾಡಿದರೆ ಪೋಸ್ಟ್‌ಕಾರ್ಡಿನಷ್ಟು ದೊಡ್ಡ ತುಂಡುಗಳೂ ಸಿಗುತ್ತವೆ. ಕಟ್ಟಿದ ಪುಸ್ತಕಕ್ಕಿಂತ ಇದು ಅಗ್ಗ. ತೂಕವೂ ಅಲ್ಪವೇ: 300 ಜಿಎಸ್‌ಎಂನ ಎ6 (ಸುಮಾರು 10.5×14.8 ಸೆಂಟಿಮೀಟರ್) ಹಾಳೆಯೊಂದು ಐದು ಗ್ರಾಮಿಗಿಂತ ಕಡಿಮೆ ತೂಗುವುದರಿಂದ ಇಪ್ಪತ್ತು ಹಾಳೆಗಳ ಕಟ್ಟು ನೂರು ಗ್ರಾಂ ಮೀರುವುದಿಲ್ಲ. ಎ5 ಆದರೆ ಅದರ ಎರಡರಷ್ಟು. ಮೊದಲ ಸಲ ಹೊರಡುವವರು ಎ6 ಅಳತೆಯನ್ನೇ ಆರಿಸಿಕೊಳ್ಳಲಿ. ಬೆಳಕು ಬದಲಾಗುವುದರೊಳಗೆ ಮುಗಿಯುವ ಚಿತ್ರ ಅದೊಂದೇ.

ಕಾಗದವನ್ನು ಕಾಪಾಡುವುದು ಕೊಳ್ಳುವಷ್ಟೇ ಮುಖ್ಯ. ಜಲವರ್ಣದ ಕಾಗದಕ್ಕೆ ಜೆಲಾಟಿನ್ ಅಥವಾ ಪಿಷ್ಟದಂಥ ವಸ್ತುವಿನ ಲೇಪ ಕೊಟ್ಟಿರುತ್ತಾರೆ. ಬಣ್ಣ ಒಮ್ಮೆಲೇ ಇಂಗಿಹೋಗದಂತೆ ತಡೆಯುವುದು ಈ ಲೇಪವೇ. ಮಳೆಗಾಲವಿಡೀ ಗೋಡೆಯ ಕಪಾಟಿನಲ್ಲಿ ತೆರೆದಿಟ್ಟ ಕಾಗದದಲ್ಲಿ ಬೂಷ್ಟು ಹಿಡಿದು ಈ ಲೇಪ ಅಲ್ಲಲ್ಲಿ ನಾಶವಾಗುತ್ತದೆ. ಬರಿಗಣ್ಣಿಗೆ ಹಾಳೆ ಚೆನ್ನಾಗಿಯೇ ಕಂಡರೂ ಬಣ್ಣ ಹಚ್ಚಿದೊಡನೆ ಆ ಜಾಗಗಳು ಹೀರುಕಾಗದದಂತೆ ಬಣ್ಣವನ್ನು ಕುಡಿದು ಕಪ್ಪು ಚುಕ್ಕೆಗಳಾಗುತ್ತವೆ. ಗಾಳಿಯಾಡದ ಚೀಲದಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗೆ ಇಟ್ಟರೆ ಈ ತೊಂದರೆ ಬರುವುದಿಲ್ಲ.

ಬಣ್ಣ

ಟ್ಯೂಬಿನ ಬಣ್ಣ ಮೆತ್ತಗಿದ್ದು ಬೇಗ ಕರಗುತ್ತದೆ, ಗಾಢ ಛಾಯೆಗಳು ಸಲೀಸಾಗಿ ಸಿಗುತ್ತವೆ. ಆದರೆ ಹಾದಿಯಲ್ಲಿ ಮುಚ್ಚಳ ತೆರೆಯುವುದು, ಹಿಂಡುವುದು, ಉಳಿದದ್ದನ್ನು ಬಿಸಾಡುವುದು ಎಲ್ಲವೂ ತಾಪತ್ರಯ. ಬಿಲ್ಲೆಯ ಬಣ್ಣವನ್ನು ತೆರೆದೊಡನೆ ಬಳಸಬಹುದು, ಮುಚ್ಚಿದೊಡನೆ ನಡೆಯಬಹುದು. ಇವೆರಡರ ಗುಣವನ್ನೂ ಕೂಡಿಸುವ ಮೂರನೆಯ ದಾರಿ ನಮಗೆ ಹೆಚ್ಚು ಒಗ್ಗುತ್ತದೆ: ಬಿಲ್ಲೆ ಕೂರುವ ಖಾಲಿ ಸಣ್ಣ ಬಟ್ಟಲುಗಳಾದ ಹಾಫ್ ಪ್ಯಾನ್‌ಗಳಿಗೆ ಟ್ಯೂಬಿನಿಂದ ಬಣ್ಣ ತುಂಬಿ ಒಣಗಿಸಿಕೊಳ್ಳುವುದು. ಒಂದು ಹಾಫ್ ಪ್ಯಾನ್‌ಗೆ ಸುಮಾರು ಎರಡು ಮಿಲಿಲೀಟರ್ ಹಿಡಿಯುವುದರಿಂದ 5 ಮಿಲಿಲೀಟರಿನ ಟ್ಯೂಬಿನಿಂದ ಎರಡು ತುಂಬುತ್ತವೆ. ಒಮ್ಮೆಗೇ ತುಂಬದೆ ಎರಡು ಮೂರು ಪದರಗಳಲ್ಲಿ ತುಂಬಿ ಪ್ರತಿ ಪದರವನ್ನೂ ಒಣಗಲು ಬಿಡಬೇಕು. ಒಣಗಿ ಬಿರುಕು ಬಿಡುವ ಬಣ್ಣಗಳಿಗೆ ಒಂದು ಹನಿ ಗ್ಲಿಸರಿನ್ ಬೆರೆಸಿದರೆ ಪ್ಯಾನಿನಿಂದ ಕಳಚಿ ಬೀಳುವುದಿಲ್ಲ. ಈ ಕೆಲಸವನ್ನು ಜನವರಿಯಿಂದ ಏಪ್ರಿಲ್ ನಡುವೆ ಮಾಡಿಟ್ಟುಕೊಳ್ಳಬೇಕು. ಶಿರಸಿಯ ಆಷಾಢದಲ್ಲಿ ತುಂಬಿದ ಪ್ಯಾನ್ ದೀಪಾವಳಿಗೂ ಮೆತ್ತಗೇ ಇದ್ದರೆ ಅಚ್ಚರಿಪಡಬೇಕಾಗಿಲ್ಲ.

ಬಣ್ಣಕ್ಕೆ ಏನು ಬೆರೆಸಿದ್ದಾರೆ ಎಂಬುದನ್ನು ಕೊಳ್ಳುವ ಮೊದಲು ನೋಡಬೇಕು. ಬಹುತೇಕ ಜಲವರ್ಣಗಳಲ್ಲಿ ಅರೇಬಿಕ್ ಗೋಂದು ಇರುತ್ತದೆ. ಬಣ್ಣ ಪೂರ್ತಿ ಒಣಗಿ ಕಲ್ಲಾಗದಿರಲೆಂದು ಕೆಲವು ತಯಾರಕರು ಗ್ಲಿಸರಿನ್ ಸೇರಿಸಿದರೆ ಸೆನೆಲಿಯೇ, ಎಂ. ಗ್ರಹಾಂ ಮುಂತಾದವರು ಜೇನುತುಪ್ಪ ಸೇರಿಸುತ್ತಾರೆ. ಜೇನು ಗಾಳಿಯಿಂದ ತೇವವನ್ನು ಎಳೆದುಕೊಳ್ಳುತ್ತದೆ. ಒಣ ಹವೆಯಲ್ಲಿ ಇದು ವರವೇ ಸರಿ, ಕುಂಚ ತಾಕಿದೊಡನೆ ಬಣ್ಣ ಎಚ್ಚೆತ್ತುಕೊಳ್ಳುತ್ತದೆ. ಆದರೆ ಗೋಕರ್ಣದ ದಂಡೆಯಲ್ಲಿ, ಮಳೆಯ ಘಟ್ಟದಲ್ಲಿ ಇಂಥ ಬಣ್ಣ ಸಡಿಲವಾಗಿಯೇ ಉಳಿದು, ಚೀಲದಲ್ಲಿ ಪೆಟ್ಟಿಗೆ ಓರೆಯಾದೊಡನೆ ಹಳದಿ ಹೋಗಿ ನೀಲಿಗೆ ಸೇರುತ್ತದೆ. ಬಣ್ಣದ ಸೊಗಸಿನಲ್ಲಿ ಇವು ಯಾವುದಕ್ಕೂ ಕಡಿಮೆಯಲ್ಲವಾದರೂ ಕರಾವಳಿಯ ಚಾರಣಕ್ಕೆ ನಾನು ಇವುಗಳನ್ನು ಸೂಚಿಸಲಾರೆ. ಗಟ್ಟಿಯಾಗಿ ಕೂರುವ ಕ್ಯಾಮೆಲ್ ಅಥವಾ ವಿನ್ಸರ್ ಆಂಡ್ ನ್ಯೂಟನ್‌ನ ಕಾಟ್ಮನ್ ಬಿಲ್ಲೆಗಳೇ ಇಲ್ಲಿ ನಂಬಿಕೆಗೆ ಅರ್ಹ. ಯಾವುದೇ ಆದರೂ ದಿನದ ಕೊನೆಯಲ್ಲಿ ಪೆಟ್ಟಿಗೆಯನ್ನು ತೆರೆದಿಟ್ಟು ಒಣಗಿಸದಿದ್ದರೆ ಎರಡೇ ದಿನಗಳಲ್ಲಿ ಬೂಷ್ಟು ಬರುತ್ತದೆ. ಕೈಯಲ್ಲೇ ಬಣ್ಣ ಅರೆದು ಮಾಡುವವರು ಬೂಷ್ಟು ತಡೆಯಲು ಲವಂಗದ ಎಣ್ಣೆಯ ಒಂದು ಹನಿ ಸೇರಿಸುವ ರೂಢಿಯಿದೆ. ಟ್ಯೂಬಿನಿಂದ ಪ್ಯಾನ್ ತುಂಬುವಾಗಲೂ ಹಾಗೆ ಮಾಡಬಹುದು.

ಎಷ್ಟು ಬಣ್ಣ ಬೇಕು? ಇಪ್ಪತ್ತನಾಲ್ಕು ಬಿಲ್ಲೆಗಳ ಪೆಟ್ಟಿಗೆಗಿಂತ ಆರು ಏಳು ಬಣ್ಣಗಳ ಪೆಟ್ಟಿಗೆ ಎಲ್ಲ ರೀತಿಯಿಂದಲೂ ಮೇಲು. ಅಲ್ಟ್ರಾಮರೀನ್ ನೀಲಿ, ಥ್ಯಾಲೋ ನೀಲಿ, ತಂಪಾದ ಲೆಮನ್ ಹಳದಿ, ಮಣ್ಣಿನ ಹಳದಿಯಾದ ಯೆಲ್ಲೋ ಓಕರ್, ಕೆಂಗಂದಿನ ಬರ್ಂಟ್ ಸಿಯೆನಾ, ಲೈಟ್ ರೆಡ್, ಕ್ವಿನಾಕ್ರಿಡೋನ್‌ನ ಒಂದು ಗುಲಾಬಿ ಕೆಂಪು ಇಷ್ಟಿದ್ದರೆ ಈ ಜಿಲ್ಲೆಯಲ್ಲಿ ಬರೆಯಲಾಗದ ನೋಟವಿಲ್ಲ. ಹಳೆಯ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿರುವ ಅಲಿಜರಿನ್ ಕ್ರಿಮ್ಸನ್ ಬೆಳಕಿಗೆ ಮಾಸುತ್ತದೆಂದು ಗೊತ್ತಿರುವುದರಿಂದ ಅದನ್ನು ಕೈಬಿಡಿ. ಸಿದ್ಧ ಹಸಿರುಗಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಪೆಟ್ಟಿಗೆಯ ಹಸಿರನ್ನು ನೇರವಾಗಿ ಹಚ್ಚಿದರೆ ಅಡಿಕೆ ತೋಟವೂ, ಭತ್ತದ ಗದ್ದೆಯೂ, ನಿತ್ಯಹರಿದ್ವರ್ಣದ ಕಾಡೂ ಒಂದೇ ಬಣ್ಣವಾಗಿಬಿಡುತ್ತವೆ. ನೀಲಿ ಹಳದಿಗಳನ್ನು ಬೆರೆಸಿ, ಅದಕ್ಕೆ ಬರ್ಂಟ್ ಸಿಯೆನಾದ ಚೂರು ಸೇರಿಸಿದಾಗಲೇ ಘಟ್ಟದ ಆಳವಾದ ಹಸಿರು ಬರುತ್ತದೆ. ಜಂಬಿಟ್ಟಿಗೆಯ ಹಾದಿಗೆ ಬೇಕಾದ ಕೆಂಪು ಲೈಟ್ ರೆಡ್‌ನಲ್ಲಿ ಸಿದ್ಧವಾಗಿಯೇ ಇದೆ. ಆ ಬಣ್ಣವೂ ನಮ್ಮ ನೆಲದ ಕೆಂಪೂ ಕಬ್ಬಿಣದ ಆಕ್ಸೈಡಿನಿಂದಲೇ ಬಂದವು. ಕರಾವಳಿಯ ಹಳೆಯ ದೇವಾಲಯಗಳ ಗೋಡೆಗಳ ಮೇಲೆ ಸುಣ್ಣದ ಬಿಳಿಯ ಜೊತೆ ಕಾಣುವ ಕಾವಿ ಚಿತ್ರಗಳ ಕೆಂಪೂ ಇದೇ ಕುಲದ್ದು.

ಪೆಟ್ಟಿಗೆ ಲೋಹದ್ದೋ ಪ್ಲಾಸ್ಟಿಕ್ಕಿನದೋ ಎಂಬುದಕ್ಕೆ ಉದ್ದದ ಚರ್ಚೆ ಬೇಡ. ಲೋಹದ ಪೆಟ್ಟಿಗೆಯ ಬಿಳಿ ಲೇಪದ ಮೇಲೆ ಬಣ್ಣ ಚೆನ್ನಾಗಿ ಬೆರೆಯುತ್ತದೆ, ಆದರೆ ಲೇಪ ಕಿತ್ತ ಕಡೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಕಡಲ ಬದಿಯಲ್ಲಿಯೇ ಹೆಚ್ಚು ತಿರುಗುವವರಿಗೆ ಪ್ಲಾಸ್ಟಿಕ್ ಸಾಕು.

ಕುಂಚ

ಹಿಡಿಯಲ್ಲಿಯೇ ನೀರು ತುಂಬಿಕೊಳ್ಳುವ ವಾಟರ್ ಬ್ರಷ್ ಚಾರಣಿಗರಿಗೆ ಬಹಳ ಮೆಚ್ಚಿನದು. ಲೋಟ ಬೇಡ, ಕೂರುವುದೂ ಬೇಡ, ನಿಂತಲ್ಲೇ ಒಂದು ಕೈಯಲ್ಲಿ ಕೆಲಸ ಸಾಗುತ್ತದೆ. ಆದರೆ ತುದಿಗೆ ಎಷ್ಟು ನೀರು ಬರುತ್ತದೆ ಎಂಬುದು ನಮ್ಮ ಹಿಡಿತದಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಗಾಢ ಬಣ್ಣ ಹಚ್ಚುತ್ತಿರುವಾಗ ಹಿಂದಿನಿಂದ ನೀರು ಬಂದು ತೆಳುವಾಗಿಸುತ್ತದೆ, ಅಗಲವಾದ ವಾಶ್ ಹಚ್ಚಲು ಒಮ್ಮೆಗೆ ಸಾಕಷ್ಟು ನೀರು ಸಿಗುವುದಿಲ್ಲ. ತೇವದ ಹವೆಯಲ್ಲಿ ನೀರನ್ನು ಮಿತವಾಗಿ ಬಳಸುವುದೇ ಅರ್ಧ ಕೆಲಸವಾದ್ದರಿಂದ ಈ ದೋಷ ನಮ್ಮಲ್ಲಿ ದೊಡ್ಡದಾಗುತ್ತದೆ. ತನ್ನ ಹಿಡಿಯೊಳಗೇ ಮಡಚಿ ಸೇರುವ ಪ್ರಯಾಣದ ಕುಂಚವಿದ್ದರೆ ತುದಿಯ ಕೂದಲು ಬಾಗುವುದಿಲ್ಲ, ನೀರಿನ ಹಿಡಿತವೂ ಕೈಯಲ್ಲಿರುತ್ತದೆ. ಚೂಪಾದ ತುದಿಯ ದುಂಡನೆಯ 8ನೇ ಸಂಖ್ಯೆಯದೊಂದು, 4ನೆಯದೊಂದು ಇದ್ದರೆ ಎ6 ಚಿತ್ರಕ್ಕೆ ಬೇರೇನೂ ಬೇಡ. ಬೆಲೆ ಹೆಚ್ಚೆನಿಸಿದರೆ ಮಾಮೂಲಿ ಕುಂಚದ ಹಿಡಿಯನ್ನು ಕತ್ತರಿಸಿ ಗಟ್ಟಿ ಕೊಳವೆಯೊಂದರಲ್ಲಿ ಇಟ್ಟುಕೊಳ್ಳಬಹುದು. ಮಳೆಗಾಲದಲ್ಲಿ, ಸಫಾರಿ ವಾಹನದಲ್ಲಿ, ದೋಣಿಯಲ್ಲಿ ಮಾತ್ರ ವಾಟರ್ ಬ್ರಷ್ಷಿಗೆ ಮೊದಲ ಸ್ಥಾನ ಕೊಡುತ್ತೇನೆ.

ಕೂದಲಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಮುಂಗುಸಿಯ ಕೂದಲಿನ ಕುಂಚಗಳನ್ನು ಕೆಲವೆಡೆ ಈಗಲೂ ಗುಟ್ಟಾಗಿ ಮಾರುತ್ತಾರೆ. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ, ಅದರ ಕೂದಲಿನ ವ್ಯಾಪಾರ ಅಪರಾಧ. ಕಾಡನ್ನು ಪ್ರೀತಿಯಿಂದ ಬರೆಯಲು ಹೋಗುವವರ ಕೈಯಲ್ಲಿ ಅಂಥ ಕುಂಚ ಇರಕೂಡದು. ಇಂದಿನ ಒಳ್ಳೆಯ ಸಿಂಥೆಟಿಕ್ ಕುಂಚಗಳು ಸಣ್ಣ ಚಿತ್ರದ ಎಲ್ಲ ಅಗತ್ಯಗಳನ್ನೂ ಪೂರೈಸುತ್ತವೆ.

ಜಲವರ್ಣದ ಪೆನ್ಸಿಲ್‌ಗಳು ಮಕ್ಕಳಿಗೆ, ಹೊಸಬರಿಗೆ ಧೈರ್ಯ ಕೊಡುತ್ತವೆ, ಆದರೆ ಕಾಡಿನ ಆಳ ಅವುಗಳಿಂದ ಬರುವುದಿಲ್ಲ. ಗುವಾಶ್ ಎಂಬ ದಪ್ಪನೆಯ ಜಲವರ್ಣ ಅಪಾರದರ್ಶಕವಾದ್ದರಿಂದ ಕತ್ತಲ ಮೇಲೆ ಬೆಳಕನ್ನು ಇಡಬಲ್ಲದು, ಹಾಗಾಗಿ ಬಿಳಿಯ ಒಂದು ಸಣ್ಣ ಟ್ಯೂಬ್ ಮಾತ್ರ ಜೊತೆಗಿದ್ದರೆ ಸಾಕು. ಮಳೆಗಾಲಕ್ಕೆ ನೀರಿಗೆ ಕದಡದ ಪಿಗ್ಮೆಂಟ್ ಶಾಯಿಯ ಪೆನ್ನು ಎಲ್ಲಕ್ಕಿಂತ ಉಪಯುಕ್ತ.

ಯಾವ ಹಾದಿಗೆ ಯಾವುದು

ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರದ ಕಪ್ಪು ಸುಣ್ಣಕಲ್ಲಿನ ಬಂಡೆಗಳು. ಮರಗಳ ಕತ್ತಲಿನಿಂದ ಹಠಾತ್ತನೆ ಎದುರಾಗುವ ಆ ಕಪ್ಪನ್ನು ಪೆಟ್ಟಿಗೆಯ ಕಪ್ಪಿನಿಂದ ಬರೆದರೆ ಕಾಗದದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನಾ ಎರಡೂ ಕಾಗದದ ಕುಳಿಗಳಲ್ಲಿ ಹರಳುಹರಳಾಗಿ ಕೂರುವ ಬಣ್ಣಗಳಾದ್ದರಿಂದ ಅವುಗಳ ಮಿಶ್ರಣ ಬಂಡೆಯ ಒರಟುತನವನ್ನು ತಾನಾಗಿಯೇ ಕೊಡುತ್ತದೆ. ಇಲ್ಲಿ ಹತ್ತಿಯ ಕೋಲ್ಡ್ ಪ್ರೆಸ್ ಕಾಗದವನ್ನು ನಿಲುವಾಗಿ ಹಿಡಿದು, ಸಾಧ್ಯವಾದರೆ ಎ5 ಅಳತೆಯಲ್ಲಿ ಬರೆಯಬೇಕು.

ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುತ್ತದೆ. ಅಲ್ಲಿ ಎದುರಾಗುವ ಪ್ರಶ್ನೆ ನೀರಿನ ಬಿಳಿಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು. ಬಣ್ಣ ತಾಕದಂತೆ ತಡೆದು ಆಮೇಲೆ ಕಿತ್ತು ತೆಗೆಯುವ ಮಾಸ್ಕಿಂಗ್ ದ್ರವ ಹಚ್ಚಿ ಬಿಳಿಯನ್ನು ಕಾಯಬಹುದು, ಆದರೆ ಆ ತೇವದಲ್ಲಿ ಅದು ಒಣಗುವುದು ನಿಧಾನ, ಅರ್ಧ ಒದ್ದೆಯಿರುವಾಗ ತೆಗೆದರೆ ಕಾಗದದ ಮೇಲ್ಮೈಯೂ ಕಿತ್ತು ಬರುತ್ತದೆ. ಕೊನೆಯಲ್ಲಿ ಬಿಳಿ ಗುವಾಶ್ ಹಚ್ಚುವುದು ಸುಲಭವಾದರೂ ನೀರಿಗೆ ಸುಣ್ಣದ ಮಂಕು ಬರುತ್ತದೆ. ಸುತ್ತಲಿನ ಕಾಡನ್ನು ಹಚ್ಚುತ್ತ ಜಲಪಾತದ ಜಾಗದಲ್ಲಿ ಕಾಗದವನ್ನು ಹಾಗೆಯೇ ಬಿಡುವುದು ಕಠಿಣವಾದರೂ ಅದೇ ಸರಿಯಾದ ದಾರಿ. ಗುವಾಶ್ ತುಂತುರಿಗಷ್ಟೇ ಇರಲಿ.

ಯಲ್ಲಾಪುರದ ಕಡೆ, ಮಾಗೋಡಿನ ಬಳಿಯ ಜೇನುಕಲ್ಲು ಗುಡ್ಡದಿಂದ ಬೇಡ್ತಿಯ ಕಣಿವೆ ವಿಶಾಲವಾಗಿ ತೆರೆದುಕೊಳ್ಳುತ್ತದೆ. ಸಂಜೆಗೆ ಅಲ್ಲಿ ಸೇರುವವರು ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆ ಬಹಳ ಚಿಕ್ಕದೆಂಬುದನ್ನು ನೆನಪಿಡಬೇಕು. ಸೂರ್ಯ ಮುಳುಗುವ ಮೊದಲೇ ಬೆಟ್ಟಸಾಲುಗಳ ಗೆರೆ ಹಾಕಿಟ್ಟು, ಎ6 ಹಾಳೆಯನ್ನು ಅಡ್ಡಲಾಗಿ ಹಿಡಿದು, ದೂರದಿಂದ ಹತ್ತಿರಕ್ಕೆ ನಾಲ್ಕು ಛಾಯೆಗಳಲ್ಲಿ ಮುಗಿಸುವುದು ವಾಸಿ.

ಗೋಕರ್ಣದ ಕುಡ್ಲೆಯಿಂದ ಓಂ, ಹಾಫ್ ಮೂನ್, ಪ್ಯಾರಡೈಸ್ ದಂಡೆಗಳಿಗೆ ಜಂಬಿಟ್ಟಿಗೆಯ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಬ್ಲಾಕ್ ಕಾಗದ, ಪ್ಲಾಸ್ಟಿಕ್ ಪೆಟ್ಟಿಗೆ ಒಯ್ಯಿರಿ. ಬಿಳಿ ಕಾಗದದ ಮೇಲೆ ನೇರ ಬಿಸಿಲು ಬಿದ್ದರೆ ಕಣ್ಣು ಕೋರೈಸಿ ಬಣ್ಣದ ಗಾಢತೆಯ ಅಂದಾಜು ತಪ್ಪುತ್ತದೆ. ಆದ್ದರಿಂದ ನೆರಳು ಹುಡುಕಿಯೇ ಕೂರಬೇಕು. ಸಮುದ್ರದ ನೀರಿನಲ್ಲಿ ಕುಂಚ ಅದ್ದಬೇಡಿ. ಅದರ ಉಪ್ಪು ಕಾಗದದಲ್ಲಿ ಉಳಿದು ಮುಂದೆ ಮಳೆಗಾಲದಲ್ಲಿ ತೇವವನ್ನು ಎಳೆಯುತ್ತದೆ. ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ನೋಟಕ್ಕೆ ಸದಾಶಿವಗಡದ ಗುಡ್ಡ ಅತ್ಯುತ್ತಮ ಜಾಗ. ಆದರೆ ಅರ್ಗಾದ ಕಡೆ ನೌಕಾನೆಲೆಯ ಸುತ್ತ ಕುಳಿತು ಚಿತ್ರ ಬರೆಯಲು ಹೋಗಬಾರದು.

ಮಳೆ ನಿಂತ ಮೇಲೂ ಕೆಲವು ವಾರ ಕಾಡಿನ ಹಾದಿಯಲ್ಲಿ ಉಂಬಳಗಳಿರುತ್ತವೆ, ಆಗ ನೆಲದ ಮೇಲೆ ಕೂರುವ ಚಿತ್ರಗಾರಿಕೆ ಸಾಧ್ಯವಿಲ್ಲ. ಹಲಗೆಗೆ ಪೆಟ್ಟಿಗೆಯನ್ನು ಕ್ಲಿಪ್ಪಿನಿಂದ ಸಿಕ್ಕಿಸಿ ನಿಂತೇ ಬರೆಯುವ ವ್ಯವಸ್ಥೆ ಮಾಡಿಕೊಂಡರೆ ಮಡಚುವ ಸ್ಟೂಲಿನ ತೂಕವೂ ಉಳಿಯುತ್ತದೆ. ಬಣ್ಣದ ನೀರನ್ನು ಹಳ್ಳಕ್ಕೆ ಚೆಲ್ಲಬಾರದು. ಕೋಬಾಲ್ಟ್, ಕ್ಯಾಡ್ಮಿಯಂ ಇರುವ ಬಣ್ಣಗಳು ಮೀನು ಕಪ್ಪೆಗಳಿಗೆ ವಿಷ. ಕುಂಚವನ್ನು ಮೊದಲು ಬಟ್ಟೆಯಲ್ಲಿ ಒರೆಸಿ ನಂತರ ತೊಳೆದರೆ ಎ6 ಚಿತ್ರಕ್ಕೆ ಅರ್ಧ ಲೋಟ ನೀರು ಧಾರಾಳ. ಕೊಳೆನೀರನ್ನು ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ವಾಪಸು ತರುವುದು ಕಷ್ಟವಲ್ಲ.

ಶಿರಸಿ, ಕಾರವಾರಗಳ ಅಂಗಡಿಗಳಲ್ಲಿ ಶಾಲಾಮಟ್ಟದ ಬಣ್ಣ, ಕುಂಚಗಳು ಸಿಕ್ಕರೂ ಹತ್ತಿಯ ಕಾಗದವನ್ನು ಸಾಮಾನ್ಯವಾಗಿ ಹುಬ್ಬಳ್ಳಿ ಅಥವಾ ಬೆಂಗಳೂರಿನಿಂದ ತರಿಸಿಕೊಳ್ಳಬೇಕಾಗುತ್ತದೆ. ತರಿಸುವುದಾದರೆ ಮಳೆಗಾಲ ಕಳೆದ ಮೇಲೆ ತರಿಸಿ, ಬಂದ ದಿನವೇ ಹಾಳೆಯ ಒಂದು ಮೂಲೆಗೆ ತೆಳುವಾದ ಅಲ್ಟ್ರಾಮರೀನ್ ಹಚ್ಚಿ ನೋಡಿ. ಅದು ಅಂಚಿನವರೆಗೆ ಸಮವಾಗಿ ಹರಡಿದರೆ ಹಾಳೆಯನ್ನು ಕತ್ತರಿಸಲು ತೊಡಗಬಹುದು. ಚುಕ್ಕೆಗಳು ಎದ್ದರೆ ಇಡೀ ಕಟ್ಟನ್ನು ಹಿಂದಿರುಗಿಸಿ.